ಮೊದಲ ಸಲ ದೊಡ್ಡ ತೋಟ, ನೆರೆಯವರೆಲ್ಲ ಜೊತೆಗಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಹೊಸಮಣ್ಣು

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಬರೀ ಕುಂಡದಲ್ಲಿ ಗಿಡ ಬೆಳೆಸಿದವಳು ನಾನು. ಮೂರು ತಿಂಗಳ ಹಿಂದೆ ಹಳ್ಳಿಯ ಅಂಚಿನ ಮನೆಗೆ ಬಂದೆವು. ಹಿತ್ತಲಲ್ಲಿ ಸುಮಾರು 4000 ಚದರ ಅಡಿ ಖಾಲಿ ನೆಲ ಇದೆ. ಪೂರ್ತಿ ಹುಲ್ಲು. ಅಲ್ಲಿ ತರಕಾರಿ ತೋಟ ಮಾಡಬೇಕು ಅಂತ ಆಸೆ.

ಆಸೆಯನ್ನು ಒಬ್ಬರ ಹತ್ತಿರ ಹೇಳಿದ್ದೆ, ವಾರದೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಪಕ್ಕದ ಹೊಲದ ಅಣ್ಣ ಟ್ರ್ಯಾಕ್ಟರ್ ತಂದು ಒಂದೇ ಗಂಟೆಯಲ್ಲಿ ಉತ್ತು ಕೊಡುತ್ತೇನೆ ಅಂದರು. ಎದುರು ಮನೆಯಲ್ಲಿ ದನ ಇವೆ, ಗೊಬ್ಬರ ಎಷ್ಟು ಬೇಕಾದರೂ ಒಯ್ಯಿರಿ ಅಂದಿದ್ದಾರೆ. ಕೊನೆ ಮನೆ ಅಜ್ಜಿ ಬಟ್ಟೆಯಲ್ಲಿ ಬೀಜ ಗಂಟು ಕಟ್ಟಿ ತಂದು ಕೈಗಿಟ್ಟರು. ನನಗೆ ಖುಷಿಯ ಜೊತೆ ಹೆದರಿಕೆಯೂ ಆಗುತ್ತಿದೆ. ಇಷ್ಟು ಜನ ಕೈ ಹಾಕಿದ ಮೇಲೆ ನಾಲ್ಕು ತಿಂಗಳಲ್ಲಿ ಅಲ್ಲಿ ಕಳೆ ಬೆಳೆದು ನಿಂತರೆ ಅವರಿಗೆ ಹೇಗೆ ಮುಖ ತೋರಿಸಲಿ?

ಟ್ರ್ಯಾಕ್ಟರ್ ಭಾನುವಾರ ಬರುತ್ತದೆ. ಬರಲಿ ಅನ್ನಲಾ? ಇನ್ನೊಂದು, ಇಷ್ಟೆಲ್ಲ ತೆಗೆದುಕೊಂಡು ಅವರಿಗೆ ವಾಪಸ್ ಏನು ಕೊಡೋದು?

ಬದುಬೇಲಿ

ಅಕ್ಕಾ, ಭಾನುವಾರಕ್ಕೆ ಮೊದಲು ಒಂದು ಕೆಲಸ ಮಾಡಿ. ಆ ಹುಲ್ಲು ಯಾವುದು ಅಂತ ನೋಡಿ. ಒಂದು ಬುಡ ಕಿತ್ತು ಕೈಯಲ್ಲಿ ಹಿಡಿಯಿರಿ.

ನೆಲದ ಮೇಲೂ ಒಳಗೂ ಬಳ್ಳಿ ಹಾಗೆ ಹರಿದು ಗಿಣ್ಣು ಗಿಣ್ಣಿಗೆ ಬೇರು ಬಿಟ್ಟಿದ್ದರೆ ಅದು ಗರಿಕೆ. ಕಾಂಡ ಮೂರು ಮೂಲೆಯಾಗಿದ್ದು ಬುಡದಲ್ಲಿ ಸಣ್ಣ ಕಪ್ಪು ಗಡ್ಡೆ ಇದ್ದರೆ ಜೇಕು. ಈ ಎರಡರಲ್ಲಿ ಯಾವುದಿದ್ದರೂ ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಬೇಡಿ. ಗರಿಕೆಯ ಒಂದೊಂದು ಗಿಣ್ಣೂ ಒಂದೊಂದು ಗಿಡ ಆಗುತ್ತದೆ. ರೋಟವೇಟರ್ ಅದನ್ನು ಸಾವಿರ ತುಂಡು ಮಾಡಿ ಇಡೀ ನೆಲಕ್ಕೆ ಬಿತ್ತಿದ ಹಾಗೆ. ಮೊದಲ ಎರಡು ವಾರ ನೆಲ ಚಿನ್ನದ ಹಾಗೆ ಕಾಣುತ್ತದೆ. ಆರನೇ ವಾರ ಅಳು ಬರುತ್ತದೆ. ನಾನೇ ಅನುಭವಿಸಿದ್ದೇನೆ. ಆ ತಪ್ಪನ್ನು ಸರಿ ಮಾಡೋಕೆ ಎರಡು ವರ್ಷ ಹಿಡಿಯಿತು.

ಬೀಜದಿಂದ ಹುಟ್ಟುವ ಸಾಮಾನ್ಯ ಹುಲ್ಲಾದರೆ ಒಂದು ಸಲ ಉಳುವುದರಿಂದ ಅಂಥ ತೊಂದರೆ ಇಲ್ಲ. ಆದರೂ 4000 ಅಡಿ ಪೂರ್ತಿ ಉಳುಮೆ ಮಾಡಿಸಬೇಡಿ ಅನ್ನುವುದು ನನ್ನ ಮಾತು. ತೆರೆದ ಮಣ್ಣನ್ನು ನೀವು ಹೊದಿಸದಿದ್ದರೆ ಕಳೆ ಹೊದಿಸುತ್ತದೆ.

ಬಿಂದಿಗೆ

ಎಷ್ಟು ದೊಡ್ಡದು ಮಾಡಬೇಕು ಅನ್ನೋದನ್ನು ನೀರಿನ ಲೆಕ್ಕದಿಂದ ತೀರ್ಮಾನ ಮಾಡಿ. ಬೇರೆ ಯಾವ ಲೆಕ್ಕವೂ ಇಷ್ಟು ನಿಜ ಹೇಳುವುದಿಲ್ಲ.

ಬೆಳೆಯುವ ತರಕಾರಿಗೆ ವಾರಕ್ಕೆ ಸುಮಾರು ಒಂದು ಇಂಚು ನೀರು ಬೇಕು, ಅಂದರೆ 25 ಮಿಲಿಮೀಟರ್. ಬಿಸಿಲು ಜಾಸ್ತಿ ಇದ್ದರೆ ಇನ್ನೂ ಜಾಸ್ತಿ. ಒಂದು ಚದರ ಮೀಟರಿಗೆ 25 ಲೀಟರ್ ಆಯಿತು. ನಿಮ್ಮ 4000 ಚದರ ಅಡಿ ಅಂದರೆ ಸುಮಾರು 370 ಚದರ ಮೀಟರ್. ವಾರಕ್ಕೆ 9000 ಲೀಟರ್ ದಾಟುತ್ತದೆ. ಹತ್ತು ಲೀಟರಿನ ಬಕೆಟ್ಟಲ್ಲಿ 900ಕ್ಕೂ ಹೆಚ್ಚು ಬಕೆಟ್. ಮಳೆ ಬಾರದ ವಾರದಲ್ಲಿ ಅಷ್ಟು ನೀರು ಎಲ್ಲಿಂದ ತರುತ್ತೀರಿ?

ಅದೇ ಜಾಗದಲ್ಲಿ 4 ಅಡಿ ಅಗಲ, 25 ಅಡಿ ಉದ್ದದ ಆರು ಮಡಿ ಮಾಡಿ. ನಡುವೆ ಎರಡು ಅಡಿ ದಾರಿ ಬಿಡಿ. ಒಟ್ಟು ಜಾಗ ಸಾವಿರ ಅಡಿಯ ಆಸುಪಾಸು, ನೀರು ಹಾಕಬೇಕಾದ ಮಣ್ಣು ಬರೀ 600 ಅಡಿ. ವಾರಕ್ಕೆ 1400 ಲೀಟರ್ ಸಾಕು. 4 ಅಡಿ ಯಾಕೆ ಅಂದರೆ ಎರಡೂ ಕಡೆಯಿಂದ ಕೈ ಚಾಚಿದರೆ ಮಧ್ಯಕ್ಕೆ ಸಿಗುತ್ತದೆ, ಮಡಿಯ ಮೇಲೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ತುಳಿದ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ.

ಎರೆಹುಳು

ನೀರಿನ ಲೆಕ್ಕ ಸರಿಯಾಗಿದೆ. ನಾನು ಮಣ್ಣಿನ ಬಗ್ಗೆ ಎರಡು ಪರೀಕ್ಷೆ ಹೇಳುತ್ತೇನೆ, ಎರಡಕ್ಕೂ ದುಡ್ಡು ಬೇಡ.

ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರುವುದು ನುಣುಪು ಹೂಳು. ಒಂದೆರಡು ದಿನ ತೆಗೆದುಕೊಂಡು ನಿಧಾನಕ್ಕೆ ಕೂರುವುದು ಜೇಡಿ. ಪದರಗಳ ದಪ್ಪ ನೋಡಿದರೆ ನಿಮ್ಮ ಮಣ್ಣು ಏನು ಅಂತ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ, ಈಗ ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಅಳೆಯಿರಿ. ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯದು. ಒಂದು ಇಂಚಿಗಿಂತ ಕಡಿಮೆಯಾದರೆ ಅಲ್ಲಿ ಬೇರು ಕೊಳೆಯುತ್ತದೆ, ಮಡಿಯನ್ನು ಎತ್ತರಿಸಬೇಕು. ಒಂದೇ ಕಡೆ ಅಲ್ಲ, ಮೂರು ನಾಲ್ಕು ಕಡೆ ತೋಡಿ.

ಮೂರನೇಹದ

ಗುಂಡಿ ತೋಡುವ ದಿನ ಟ್ರ್ಯಾಕ್ಟರ್ ಅಣ್ಣನನ್ನು ಜೊತೆಗೆ ಕರೆಯಿರಿ. ನೆಲ ನೋಡೋಣ ಬನ್ನಿ ಅನ್ನಿ. ಅವರು ಈ ನೆಲವನ್ನು ಎಷ್ಟೋ ಮಳೆಯಲ್ಲಿ ನೋಡಿದ್ದಾರೆ. ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮೊದಲು ಇಲ್ಲಿ ಏನಿತ್ತು, ಯಾವ ಪ್ರಾಣಿ ಯಾವ ದಾರಿಯಲ್ಲಿ ನುಗ್ಗುತ್ತದೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಹೊಸಬರು ಟ್ರ್ಯಾಕ್ಟರ್, ಗೊಬ್ಬರ ಕೇಳುತ್ತಾರೆ. ಇದನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅವರು ಕೊಡಬಹುದಾದ ದೊಡ್ಡ ಸಹಾಯ ಅದೇ.

ವಾಪಸ್ ಏನು ಕೊಡೋದು ಅಂದಿರಲ್ಲ. ಡೀಸೆಲ್ಲಿಗೆ ಎಷ್ಟಾಯಿತು ಅಂತ ಕೇಳಿ ಕೊಟ್ಟುಬಿಡಿ, ಅದರಲ್ಲಿ ಸಂಕೋಚ ಬೇಡ. ಉಳಿದದ್ದಕ್ಕೆ ದುಡ್ಡು ಚಾಚಬೇಡಿ, ಬೇಸರ ಆಗುತ್ತದೆ. ಅವರ ಕೆಲಸದ ದಿನ ಹೋಗಿ ನಿಲ್ಲಿ. ನಿಮಗೆ ಕುಡುಗೋಲು ಹಿಡಿಯಲು ಬಾರದಿದ್ದರೂ ಪರವಾಗಿಲ್ಲ. ಚೀಲ ಹಿಡಿದು ನಿಲ್ಲುವವರು ಬೇಕು, ಅರ್ಜಿ ತುಂಬಿ ಕೊಡುವವರು ಬೇಕು, ರಾತ್ರಿ ಹೊತ್ತು ಆಸ್ಪತ್ರೆಗೆ ಗಾಡಿ ಓಡಿಸುವವರು ಬೇಕು.

ಹೊಸಮಣ್ಣು (ಒಂದು ವಾರದ ನಂತರ)

ನಿಮ್ಮ ಮಾತು ಕೇಳಿ ಟ್ರ್ಯಾಕ್ಟರ್ ಮುಂದಕ್ಕೆ ಹಾಕಿಸಿದೆ. ಅಣ್ಣನಿಗೆ ಬೇಸರ ಆಗಬಹುದು ಅಂದುಕೊಂಡಿದ್ದೆ. ಗರಿಕೆ ಬೇರು ತೋರಿಸಿದ ತಕ್ಷಣ, "ಹೌದಲ್ವಾ, ಇದನ್ನು ಉತ್ತರೆ ನಿಮಗೇ ಕಷ್ಟ" ಅಂತ ಅವರೇ ಹೇಳಿದರು. ನೆಲದ ಮುಕ್ಕಾಲು ಭಾಗ ಗರಿಕೆಯೇ. ಜೇಕು ಇಲ್ಲ.

ನಾಲ್ಕು ಗುಂಡಿ ತೋಡಿದೆವು. ಮೂರರಲ್ಲಿ ಗಂಟೆಗೆ ಎರಡು ಇಂಚು ಇಳಿಯಿತು. ನಾಲ್ಕನೆಯದರಲ್ಲಿ ಸಂಜೆವರೆಗೂ ನೀರು ಹಾಗೇ ನಿಂತಿತ್ತು. ನಾನು ಮೊದಲ ಮಡಿ ಹಾಕಬೇಕು ಅಂತ ಗೂಟ ಹೊಡೆದಿದ್ದ ಮೂಲೆ ಅದೇ! ಅಣ್ಣ ನಿಂತು ನೋಡಿ, ಹಿಂದೆ ಆ ಕಡೆ ಗಾಡಿ ಓಡಾಡುವ ದಾರಿ ಇತ್ತು, ಅಡಿಯಲ್ಲಿ ಮಣ್ಣು ಕಲ್ಲಿನ ಹಾಗೆ ಕೂತಿದೆ ಅಂದರು. ಕೇಳದೆ ಇದ್ದಿದ್ದರೆ ಅಲ್ಲೇ ಟೊಮೆಟೊ ನೆಡುತ್ತಿದ್ದೆ.

ಆರು ಮಡಿ ಅಂತ ತೀರ್ಮಾನ ಮಾಡಿದ್ದೇನೆ. ಗರಿಕೆ ತೆಗೆಯೋದು ಹೇಗೆ? ಗೊಬ್ಬರ ನಾಳೆಯಿಂದ ಹೊರಲಾ?

ಬದುಬೇಲಿ

ಒಂದೊಂದೇ ಮಡಿ ಹಿಡಿಯಿರಿ. ಮಣ್ಣು ಸ್ವಲ್ಪ ತೇವ ಇರುವಾಗ ಹಾರೆ ಹಾಕಿ ಸಡಿಲ ಮಾಡಿ, ಬೇರು ತುಂಡಾಗದ ಹಾಗೆ ಕೈಯಲ್ಲಿ ಎಳೆಯಿರಿ. ತೆಗೆದ ಬೇರನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಬಂಡೆ ಮೇಲೋ ಶೀಟಿನ ಮೇಲೋ ಹರಡಿ ಬಿಸಿಲಲ್ಲಿ ಗರಿಗರಿ ಒಣಗಿಸಿ. ಈ ಸಲ ಮುಟ್ಟದ ಮಡಿಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ಹಾಕುವ ಮೊದಲು ನೆಲ ಚೆನ್ನಾಗಿ ನೆನೆಸಿ. ಬಿರುಬಿಸಿಲಿನ ಕಾಲದಲ್ಲಿ ಆರರಿಂದ ಎಂಟು ವಾರ ಬಿಟ್ಟರೆ ಮೇಲಿನ ಬೇರು, ಕಳೆ ಬೀಜ ಎರಡೂ ಬೇಯುತ್ತವೆ. ಆಳದ ಬೇರು ಸ್ವಲ್ಪ ಉಳಿಯುತ್ತದೆ, ಅದನ್ನು ಕಂಡಲ್ಲಿ ಕೀಳಬೇಕು. ಜೇಕು ಇದ್ದಿದ್ದರೆ ಇದು ಆಗುತ್ತಿರಲಿಲ್ಲ, ಅದು ಪ್ಲಾಸ್ಟಿಕ್ಕನ್ನೇ ಚುಚ್ಚಿಕೊಂಡು ಮೇಲೆ ಬರುತ್ತದೆ.

ಒಂದು ಮುಖ್ಯ ಮಾತು. ಮಣ್ಣು ಹಸಿ ಹಸಿ ಇರುವಾಗ ಅಗೆಯಬೇಡಿ. ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಬೆರಳಿಂದ ಒತ್ತಿ. ಪುಡಿಯಾಗಿ ಬಿದ್ದರೆ ಹದಕ್ಕೆ ಬಂದಿದೆ. ಉಂಡೆಯಾಗೇ ಕೂತರೆ ಇನ್ನೆರಡು ದಿನ ಕಾಯಿರಿ.

ಎರೆಹುಳು

ಗೊಬ್ಬರ ಹೊರುವ ಮೊದಲು ನಿಲ್ಲಿ. ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲ ವಿಷಯ, ಹಸಿ ಸಗಣಿ ನೇರ ಗಿಡಕ್ಕೆ ಬೇಡ. ಬುಡ ಸುಡುತ್ತದೆ, ರೋಗದ ಕ್ರಿಮಿಯೂ ಇರಬಹುದು. ಹಸಿಯದನ್ನೇ ಮಣ್ಣಿಗೆ ಸೇರಿಸಿದರೆ ಕೊಯ್ಲಿಗೆ ಕನಿಷ್ಠ 120 ದಿನ ಅಂತರ ಇರಲಿ, ಅದರಲ್ಲೂ ಮಣ್ಣಿಗೆ ತಾಗುವ ಸೊಪ್ಪು, ಕ್ಯಾರೆಟ್, ಮೂಲಂಗಿಗೆ. ಪೂರ್ತಿ ಕೊಳೆತು ಕಾಡಿನ ಮಣ್ಣಿನ ವಾಸನೆ ಬರುವ ಹಳೆ ಗೊಬ್ಬರವಾದರೆ ಎರಡು ಇಂಚು ಹರಡಬಹುದು. ಆರು ಮಡಿಗೆ ಸುಮಾರು 100 ಘನ ಅಡಿ ಬೇಕು.

ಎರಡನೆಯದು ಜನ ಜಾಸ್ತಿ ಮಾತಾಡದ ವಿಷಯ. ಹುಲ್ಲುಗಾವಲಿಗೆ ಹೊಡೆಯುವ ಕೆಲವು ಕಳೆನಾಶಕಗಳಿವೆ, ಅಮಿನೋಪೈರಲಿಡ್, ಕ್ಲೋಪೈರಲಿಡ್ ಅಂತ. ಹುಲ್ಲಿಗೆ ಏನೂ ಆಗುವುದಿಲ್ಲ, ಅಗಲ ಎಲೆಯ ಗಿಡ ಸಾಯುತ್ತದೆ. ಆ ಹುಲ್ಲು ತಿಂದ ದನದ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಸಗಣಿಯಲ್ಲಿ ಹಾಗೇ ಹೊರಬರುತ್ತದೆ. ತಿಪ್ಪೆಯಲ್ಲಿ ಕೊಳೆತರೂ ಬೇಗ ಹೋಗುವುದಿಲ್ಲ. ಅಂಥ ಗೊಬ್ಬರ ಚೂರು ಬಿದ್ದರೂ ಹುರುಳಿಕಾಯಿ, ಬಟಾಣಿ, ಟೊಮೆಟೊ, ಆಲೂಗಡ್ಡೆ ಎಲ್ಲ ಮುದುಡಿ ಹೋಗುತ್ತವೆ. ಗೊಬ್ಬರ ಕೊಟ್ಟವರಿಗೆ ಇದು ಗೊತ್ತೇ ಇರುವುದಿಲ್ಲ.

ಪರೀಕ್ಷೆ ಸುಲಭ. ಆರು ಕುಂಡ ತೆಗೆದುಕೊಳ್ಳಿ. ಮೂರಕ್ಕೆ ಬರೀ ಒಳ್ಳೆ ಮಣ್ಣು, ಮೂರಕ್ಕೆ ಮಣ್ಣು ಮತ್ತು ಆ ಗೊಬ್ಬರ ಸಮಪಾಲು. ಗೊಬ್ಬರವನ್ನು ತಿಪ್ಪೆಯ ಬೇರೆ ಬೇರೆ ಕಡೆಯಿಂದ ತೆಗೆಯಿರಿ. ಒಂದೊಂದರಲ್ಲೂ ಮೂರು ಬೀನ್ಸ್ ಬೀಜ. ಕುಂಡದ ಕೆಳಗೆ ಬೇರೆ ಬೇರೆ ತಟ್ಟೆ ಇಡಿ, ಒಂದರ ನೀರು ಇನ್ನೊಂದಕ್ಕೆ ಹೋಗಬಾರದು. ಮೂರು ವಾರ ನೋಡಿ. ಹೊಸ ಎಲೆ ಬಟ್ಟಲಿನ ಹಾಗೆ ಮಡಚಿಕೊಂಡು, ಚಿಗುರು ತಿರುಚಿಕೊಂಡರೆ ಆ ಗೊಬ್ಬರ ಮುಟ್ಟಬೇಡಿ.

ಹೊಸಮಣ್ಣು

ಅವರು ಪ್ರೀತಿಯಿಂದ ಕೊಡುತ್ತಿದ್ದಾರೆ. ಪರೀಕ್ಷೆ ಮಾಡುತ್ತೇನೆ ಅಂತ ಹೇಗೆ ಹೇಳಲಿ?

ಮೂರನೇಹದ

ಹೇಳುವುದೇ ಬೇಡ ಈಗ. ನಾಲ್ಕು ಬುಟ್ಟಿ ತನ್ನಿ, ಕುಂಡ ಹಾಕಿ. ಫಲಿತಾಂಶ ಚೆನ್ನಾಗಿ ಬಂದರೆ ಮಾತೇ ಇಲ್ಲ. ಕೆಟ್ಟದ್ದು ಬಂದರೆ ಕುಂಡಗಳನ್ನೇ ಎತ್ತಿಕೊಂಡು ಹೋಗಿ ಅವರ ಮುಂದಿಡಿ. ಗಿಡ ನೋಡಿದರೆ ಅವರಿಗೆ ನಿಮಗಿಂತ ಬೇಗ ಅರ್ಥ ಆಗುತ್ತದೆ.

ಬೀಜದಬುಟ್ಟಿ

ಅಜ್ಜಿ ಕೊಟ್ಟ ಗಂಟಿನಲ್ಲಿ ಏನೇನಿದೆ? ಅದರ ಬಗ್ಗೆ ಯಾರೂ ಕೇಳಲಿಲ್ಲ!

ಹೊಸಮಣ್ಣು

ಬೀನ್ಸ್, ಟೊಮೆಟೊ, ಕುಂಬಳ. ಎರಡು ಥರದ ಕುಂಬಳ ಅಂತ ಅಜ್ಜಿ ಹೇಳಿದರು, ಆದರೆ ಬೀಜ ಎಲ್ಲ ಒಟ್ಟಿಗೇ ಇದೆ.

ಬೀಜದಬುಟ್ಟಿ

ಚಿನ್ನ ಸಿಕ್ಕಿದೆ ನಿಮಗೆ. ಬೀನ್ಸ್, ಟೊಮೆಟೊ ಹೂವು ಹೆಚ್ಚಾಗಿ ತನ್ನೊಳಗೇ ಪರಾಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ತಾಯಿ ಗಿಡದ ಗುಣವೇ ಮಗಳಿಗೂ ಬರುತ್ತದೆ. ಅಜ್ಜಿ ವರ್ಷ ವರ್ಷ ಒಳ್ಳೆ ಗಿಡದಿಂದಲೇ ಬೀಜ ಎತ್ತಿಟ್ಟಿದ್ದರೆ ಅದು ಆ ಮಣ್ಣಿಗೆ, ಆ ಹವೆಗೆ ಒಗ್ಗಿದ ಬೀಜ. ಹೈಬ್ರಿಡ್ ಬೀಜದ ಹಣ್ಣಿನಿಂದ ಎತ್ತಿಟ್ಟರೆ ಮಾತ್ರ ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ.

ಕುಂಬಳ ಬೇರೆ ಕಥೆ. ಜೇನುನೊಣ ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಒಯ್ಯುತ್ತದೆ. ಒಂದೇ ಜಾತಿಯ ಎರಡು ತಳಿ ಹತ್ತಿರ ಇದ್ದರೆ ಬೆರೆಯುತ್ತವೆ. ಬೆರೆತದ್ದು ಈ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ, ಅದರ ಬೀಜ ನೆಟ್ಟಾಗ ಕಾಣುತ್ತದೆ. ಬೆಳೆಯಿರಿ, ತೊಂದರೆ ಇಲ್ಲ. ಆದರೆ ಕಾಯಿ ಕಹಿ ಇದ್ದರೆ ಒಂದು ತುಂಡೂ ತಿನ್ನಬೇಡಿ, ಬೇಯಿಸಿದರೂ ಬೇಡ. ಕುಂಬಳ, ಸೋರೆ, ಸೌತೆ ಜಾತಿಯಲ್ಲಿ ಆ ಕಹಿ ನಿಜವಾಗಿಯೂ ವಿಷ, ಹೊಟ್ಟೆ ತುಂಬಾ ಕೆಡುತ್ತದೆ.

ಬಿತ್ತುವ ಮೊದಲು ಒಂದೊಂದರಲ್ಲೂ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದಲ್ಲಿ ಎಷ್ಟು ಮೊಳೆತವು ಎಣಿಸಿ. ಏಳು ಮೊಳೆತರೆ ಸ್ವಲ್ಪ ಒತ್ತಾಗಿ ಬಿತ್ತಿ. ಮೂರೇ ಮೊಳೆತರೆ ಅಜ್ಜಿಯ ಹತ್ತಿರ ಹೊಸ ಬೀಜ ಇದೆಯಾ ಕೇಳಿ. ಬೀಜದ ದಪ್ಪಕ್ಕೆ ಎರಡು ಮೂರು ಪಟ್ಟು ಆಳ, ಅದಕ್ಕಿಂತ ಕೆಳಗೆ ಬೇಡ. ಮತ್ತೆ, ಗಂಟನ್ನು ಪೂರ್ತಿ ಖಾಲಿ ಮಾಡಬೇಡಿ. ಅರ್ಧ ತೆಗೆದಿಡಿ. ಮೊದಲ ವರ್ಷ ಏನು ಬೇಕಾದರೂ ಆಗಬಹುದು.

ಹೊಸಮಣ್ಣು (ಒಂದು ತಿಂಗಳ ನಂತರ)

ಎರೆಹುಳು, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ.

ಬರೀ ಮಣ್ಣಿನ ಮೂರು ಕುಂಡದಲ್ಲೂ ಬೀನ್ಸ್ ಚೆನ್ನಾಗಿ ಬಂತು. ಗೊಬ್ಬರ ಹಾಕಿದ ಮೂರರಲ್ಲೂ ಮೊದಲ ಎಲೆ ಸರಿ ಇತ್ತು, ಮೂರನೇ ವಾರಕ್ಕೆ ಚಿಗುರು ಮುಷ್ಟಿ ಕಟ್ಟಿದ ಹಾಗೆ ಮುದುಡಿತು. ಎರಡು ದಿನ ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಕುಂಡ ಎತ್ತಿಕೊಂಡು ಎದುರು ಮನೆಗೆ ಹೋದೆ.

ಅವರು ಕುಂಡ ನೋಡಿದವರೇ ಹೆಂಡತಿಯನ್ನು ಕರೆದರು. ಕಳೆದ ವರ್ಷ ಅವರ ಮನೆ ಹಿಂದಿನ ಬೀನ್ಸ್, ಟೊಮೆಟೊ ಎಲ್ಲ ಹೀಗೇ ಆಗಿತ್ತಂತೆ. ರೋಗ ಅಂದುಕೊಂಡು ಕಿತ್ತೆಸೆದಿದ್ದರಂತೆ. ಮೇವು ಸಾಲದೆ ಹೋದಾಗ ಹೊರಗಿನಿಂದ ಒಂದು ಲೋಡ್ ಹುಲ್ಲು ಕೊಂಡಿದ್ದರು, ಅದು ಆಗಲೇ. ಆ ಅಕ್ಕ, "ಒಂದು ವರ್ಷ ನಾನು ಮಣ್ಣನ್ನೇ ಬೈದೆ" ಅಂದರು. ನನಗೆ ಕಣ್ಣು ತುಂಬಿ ಬಂತು.

ಈಗ ಆ ತಿಪ್ಪೆ ಏನು ಮಾಡೋದು ಅಂತ ಅವರೇ ಕೇಳುತ್ತಿದ್ದಾರೆ.

ಎರೆಹುಳು

ಅವರ ಹುಲ್ಲು ಬೆಳೆಯುವ ಜಾಗಕ್ಕೇ ತೆಳ್ಳಗೆ ಹರಡಲಿ. ಮುಸುಕಿನ ಜೋಳಕ್ಕೂ ಹಾಕಬಹುದು, ಅದೂ ಹುಲ್ಲಿನ ಜಾತಿಯೇ, ಏನೂ ಆಗುವುದಿಲ್ಲ. ಆದರೆ ಆ ಜೋಳದ ದಂಟನ್ನು ಮತ್ತೆ ತರಕಾರಿ ಗೊಬ್ಬರಕ್ಕೆ ಸೇರಿಸಬಾರದು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ನಿಧಾನಕ್ಕೆ ಅದನ್ನು ಒಡೆಯುತ್ತವೆ, ಒಂದು ವರ್ಷವೋ ಜಾಸ್ತಿಯೋ ಹಿಡಿಯುತ್ತದೆ. ಅವರ ಹಿತ್ತಲಿನಲ್ಲೂ ಬಿತ್ತುವ ಮೊದಲು ಇದೇ ಕುಂಡದ ಪರೀಕ್ಷೆ ಮಾಡಲಿ. ಆ ಹುಲ್ಲು ಬರುವ ಮೊದಲಿನ ಹಳೆ ತಿಪ್ಪೆ ಅವರಲ್ಲಿ ಇದೆಯಾ?

ಹೊಸಮಣ್ಣು

ಇದೆ! ಕೊಟ್ಟಿಗೆ ಹಿಂದೆ ಒಂದು ಮೂಲೆಯಲ್ಲಿ. ಅದಕ್ಕೂ ಕುಂಡ ಹಾಕಿದ್ದೇವೆ, ಈ ಸಲ ಅವರ ಮನೆ ಜಗಲಿಯಲ್ಲೇ. ಅವರ ಮಗಳು ದಿನಾ ಎಲೆ ಎಣಿಸುತ್ತಾಳೆ.

ಬಿಂದಿಗೆ

ಕಾಯುವ ಈ ಮೂರು ವಾರ ವ್ಯರ್ಥ ಮಾಡಬೇಡಿ. ಗರಿಕೆ ತೆಗೆದ ಮಡಿಗೆ ನೀರು ಹಾಕಿ ಸುಮ್ಮನೆ ಬಿಡಿ. ಹತ್ತು ಹನ್ನೆರಡು ದಿನದಲ್ಲಿ ಮೇಲಿನ ಕಳೆ ಬೀಜ ಎಲ್ಲ ಹುಟ್ಟಿ ನಿಲ್ಲುತ್ತವೆ. ಬಿಸಿಲಿರುವ ದಿನ ಬರೀ ಅರ್ಧ ಇಂಚು ಮೇಲ್ಮಣ್ಣು ಕೆರೆದು ತೆಗೆಯಿರಿ. ಆಳಕ್ಕೆ ಹೋದರೆ ಹೊಸ ಬೀಜ ಮೇಲೆ ಬರುತ್ತದೆ. ಇದಾದ ಮೇಲೆ ಬಿತ್ತಿದರೆ ಕಳೆ ಕೀಳುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಸಸಿ ನಿಂತ ಮೇಲೆ ಒಣ ಎಲೆ ಎರಡು ಮೂರು ಇಂಚು ಹೊದಿಸಿ, ಬುಡಕ್ಕೆ ತಾಗದ ಹಾಗೆ. ಹೊರಗಿನ ಹುಲ್ಲು ಹೊದಿಸುವುದಾದರೆ ಅದಕ್ಕೂ ಪರೀಕ್ಷೆ ಬೇಕು, ಈಗ ನಿಮಗೇ ಗೊತ್ತು.

ಹೊಸಮಣ್ಣು (ಮೂರು ತಿಂಗಳ ನಂತರ)

ಬರೆಯೋದು ತಡವಾಯಿತು, ಕೈ ತುಂಬಾ ಕೆಲಸ.

ಹಳೆ ತಿಪ್ಪೆಯ ಗೊಬ್ಬರ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ಅದು ಮೂರು ಮಡಿಗೆ ಮಾತ್ರ ಸಾಕಾಯಿತು. ಹಾಗಾಗಿ ಈ ಸಲ ಮೂರೇ ಮಡಿ, ಉಳಿದ ಮೂರು ಪ್ಲಾಸ್ಟಿಕ್ ಹೊದ್ದು ಮಲಗಿವೆ. ಒಂದರಲ್ಲಿ ಬೀನ್ಸ್, ಒಂದರಲ್ಲಿ ಟೊಮೆಟೊ. ಮೂರನೆಯದರ ಒಂದು ತುದಿಯಲ್ಲಿ ಕುಂಬಳ ಹಾಕಿ ಬಳ್ಳಿಯನ್ನು ಹುಲ್ಲಿನ ಕಡೆ ಬಿಟ್ಟಿದ್ದೇನೆ, ಉಳಿದದ್ದರಲ್ಲಿ ಸೊಪ್ಪು. ಅಜ್ಜಿಯ ಬೀನ್ಸ್ ಹತ್ತರಲ್ಲಿ ಒಂಬತ್ತು ಮೊಳೆತಿತ್ತು. ಹೆಚ್ಚಾದ ಒಂದು ಗಿಡ ಕಿತ್ತು ನೋಡಿದೆ, ಬೇರಿನಲ್ಲಿ ಸಣ್ಣ ಗಂಟುಗಳು, ಒಡೆದರೆ ಒಳಗೆ ಗುಲಾಬಿ ಬಣ್ಣ, ಅಂದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ಚೆನ್ನಾಗಿ ನಡೆದಿದೆ.

ಟೊಮೆಟೊದಲ್ಲಿ ಒಂದು ತೊಂದರೆ. ಕಾಯಿಯ ತುದಿ ಕಪ್ಪಾಗಿ ಚಪ್ಪಟೆಯಾಗುತ್ತಿದೆ. ಔಷಧಿ ಹೊಡೆಯಬೇಕಾ?

ಬಿಂದಿಗೆ

ಬೇಡ. ಅದು ಹುಳವೂ ಅಲ್ಲ, ಅಂಟುರೋಗವೂ ಅಲ್ಲ. ಕಾಯಿ ತುದಿಗೆ ಕ್ಯಾಲ್ಸಿಯಂ ತಲುಪದೆ ಹಾಗಾಗುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ಮೇಲೆ ಒಯ್ಯುವುದು ನೀರು. ಎರಡು ದಿನ ಒಣಗಿಸಿ ಮೂರನೇ ದಿನ ತುಂಬಿ ಹರಿಸಿದರೆ ಹೀಗೇ. ಒಂದೇ ಸಮ ನೀರು ಕೊಡಿ. ಕೆಟ್ಟ ಕಾಯಿ ಕಿತ್ತು ಹಾಕಿ, ಮುಂದಿನ ಗೊಂಚಲು ಸರಿ ಬರುತ್ತದೆ.

ಬದುಬೇಲಿ

ಒಂದು ಸಣ್ಣ ಸೇರಿಕೆ. ಮುಂದಿನ ಸಲ ಟೊಮೆಟೊ ಮಡಿಯಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಎಲ್ಲ ಒಂದೇ ಕುಟುಂಬ, ಒಂದರ ರೋಗ ಇನ್ನೊಂದಕ್ಕೆ ಕಾದಿರುತ್ತದೆ. ಮೂರು ವರ್ಷ ಅಂತರ ಕೊಟ್ಟರೆ ಒಳ್ಳೆಯದು. ಯಾವ ಮಡಿಯಲ್ಲಿ ಏನಿತ್ತು ಅಂತ ಈಗಲೇ ಬರೆದಿಡಿ, ಮರೆತುಹೋಗುತ್ತದೆ.

ಹೊಸಮಣ್ಣು

ಬರೆದಿಟ್ಟೆ. ಹೊಡೆಯೋಕೆ ಔಷಧಿ ತರಲು ಹೊರಟಿದ್ದೆ, ಉಳಿಯಿತು.

ಮೂರನೇಹದ, ನಿಮಗೊಂದು ಸುದ್ದಿ. ನಿನ್ನೆ ಸಂಜೆ ಟ್ರ್ಯಾಕ್ಟರ್ ಅಣ್ಣ ಬೇಲಿ ಹತ್ತಿರ ನಿಂತು, ನಾಳೆ ನಮ್ಮ ಹೊಲದಲ್ಲಿ ಕೊಯ್ಲು, ಒಬ್ಬರು ಕಡಿಮೆ ಇದ್ದಾರೆ, ಬರುತ್ತೀರಾ ಅಂತ ಕೇಳಿದರು. ಇಷ್ಟು ದಿನದಲ್ಲಿ ಅವರು ನನ್ನ ಹತ್ತಿರ ಏನಾದರೂ ಕೇಳಿದ್ದು ಇದೇ ಮೊದಲು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ಅದಕ್ಕೆ ಮೊದಲು ಟೊಮೆಟೊಗೆ ನೀರು ಬಿಡಬೇಕು.